ರಜೆಗೆ ಬಂದ ತಮ್ಮ ಪೊಲೀಸರ ಜೊತೆ ಕೈ ಮಿಲಾಯಿಸಿಬಿಟ್ಟ, ಯೂನಿಟ್‌ಗೆ ಹೇಳಬೇಕಾ?

ಹೊಸನಗರದ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೈನಿಕರ ಮನೆಯವರು, ನಿವೃತ್ತರಾದವರು ತುಂಬ ಜನ ಇದ್ದೀರಿ, ಅದಕ್ಕೇ ಧೈರ್ಯ ಮಾಡಿ ಕೇಳ್ತಿದೀನಿ. ಠಾಣೆ ಯಾವುದು, ಅಧಿಕಾರಿ ಯಾರು ಅಂತ ಬರೆಯೋದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ನನ್ನ ತಮ್ಮ ಸಿಪಾಯಿ, ಸೇರಿ ಏಳು ವರ್ಷ ಆಯ್ತು. ಅಪ್ಪನಿಗೆ ಮಂಡಿ ನೋವು, ಮರ ಹತ್ತಿ ಅಡಿಕೆ ಗೊನೆ ಇಳಿಸೋ ಕೊನೆಗೌಡರು ಸಿಗೋದೇ ಕಷ್ಟ ಅಂತ ಅಡಿಕೆ ಕೊಯ್ಲಿಗೆ ಸರಿಯಾಗಿ ರಜೆ ಉಳಿಸಿಕೊಂಡು ಬಂದಿದ್ದ. ಮೊನ್ನೆ ಸುಲಿಯೋ ಮೆಷಿನ್ನಿನ ಬೆಲ್ಟ್ ಹರಿದು ಹೋಯ್ತು. ಹೊಸದು ತರ್ತೀನಿ ಅಂತ ಬೈಕ್ ತಗೊಂಡು ಪೇಟೆಗೆ ಹೋದ. ಹೆಲ್ಮೆಟ್ ಹಾಕಿರಲಿಲ್ಲ. ಅದು ಅವನದೇ ತಪ್ಪು, ಮೊದಲೇ ಒಪ್ಪಿಕೊಳ್ತೀನಿ.

ವಾಪಸ್ ಬರುವಾಗ ರಾತ್ರಿ ಎಂಟೂವರೆ. ಸರ್ಕಲ್‌ನಲ್ಲಿ ತಪಾಸಣೆ ನಡೀತಿತ್ತು. ಕಾನ್‌ಸ್ಟೇಬಲ್ ಒಬ್ಬರು ಬಂದವರೇ ಬೈಕಿನ ಕೀ ಕಿತ್ತುಕೊಂಡರಂತೆ. "ದಂಡ ಬರೀರಿ ಕಟ್ತೀನಿ, ಕೀ ಯಾಕೆ ಕೀಳ್ತೀರಿ" ಅಂದು ಇವನು ಐಡಿ ಕಾರ್ಡ್ ತೆಗೆದು ತೋರಿಸಿದ್ದಾನೆ. ಅಲ್ಲಿಂದ ಮಾತು ಬೆಳೀತು. "ಮಿಲಿಟ್ರಿ ಆದ್ರೆ ನಿನಗೆ ಬೇರೆ ಕಾನೂನಾ" ಅಂತ ಅಲ್ಲಿದ್ದ ಪೊಲೀಸ್ ಅಧಿಕಾರಿ ಸಾಹೇಬರು ಕೆನ್ನೆಗೆ ಹೊಡೆದರು. ಇವನು ಅವರ ಕಾಲರ್ ಹಿಡಿದ. ಬಿಡಿಸೋಕೆ ಮಧ್ಯೆ ಬಂದ ಕಾನ್‌ಸ್ಟೇಬಲ್ ತಳ್ಳಾಟದಲ್ಲಿ ಡಾಂಬರ್ ಮೇಲೆ ಬಿದ್ದು ಮೊಣಕೈ ಸುಲಿದುಹೋಗಿದೆ. ಎದೆ ಮೇಲಿನ ಹೆಸರಿನ ಪಟ್ಟಿಯೂ ಕಿತ್ತು ಬಿತ್ತಂತೆ.

ಬೆಳಗಿನ ಜಾವ ನೋಟಿಸ್ ಕೊಟ್ಟು ಬಿಟ್ಟರು. ಶರ್ಟಿನ ಜೇಬು ಹರಿದಿತ್ತು, ಬೆಲ್ಟ್ ಮಾತ್ರ ಹ್ಯಾಂಡಲ್‌ಗೆ ನೇತುಹಾಕಿದ ಹಾಗೇ ಇತ್ತು. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132 ಮತ್ತು 121(1) ಅಂತ ಇದೆ. ರಜೆ ಮುಗಿಯೋಕೆ ಇನ್ನು 12 ದಿನ. ಯಾರೋ ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಟ್ಟಿದ್ದಾರೆ. ಅದರಲ್ಲಿ ಇವನು ಕಾಲರ್ ಹಿಡಿದಿದ್ದು ಮಾತ್ರ ಕಾಣುತ್ತೆ.

ಅಮ್ಮ ಹೇಳ್ತಾಳೆ, ಯೂನಿಟ್‌ಗೆ ಹೇಳಲೇಬೇಡ, ಇಲ್ಲೇ ಹೇಗೋ ಮುಗಿಸೋಣ ಅಂತ. ತಮ್ಮ ಎರಡು ದಿನದಿಂದ ಮಾತೇ ಆಡ್ತಿಲ್ಲ, ಅಟ್ಟದ ಮೇಲೆ ಅಡಿಕೆ ಕೈಯಾಡಿಸ್ತಾ ಕೂತಿರ್ತಾನೆ. ಗೊತ್ತಿದ್ದವರು ಹೇಳಿ, ಎಂತ ಮಾಡೋದು?

ಕೊಡಚಾದ್ರಿ ಹುಡುಗ:

ಅಕ್ಕ, ನಿಮ್ಮ ತಮ್ಮ ಏನೂ ತಪ್ಪು ಮಾಡಿಲ್ಲ. ಗಡಿಯಲ್ಲಿ ನಿಲ್ಲೋನಿಗೆ ಊರಲ್ಲಿ ಕಪಾಳಕ್ಕೆ ಹೊಡೀತಾರೆ ಅಂದ್ರೆ ರಕ್ತ ಕುದಿಯುತ್ತೆ. ಠಾಣೆ ಯಾವುದು ಹೇಳಿ ಸಾಕು, ನಾಳೆ ಬೆಳಗ್ಗೆ ಇನ್ನೂರು ಹುಡುಗರನ್ನ ಕರ್ಕೊಂಡು ಬಂದು ಮುತ್ತಿಗೆ ಹಾಕ್ತೀವಿ. ಕೇಸ್ ವಾಪಸ್ ತಗೊಳೋ ತನಕ ಏಳೋದಿಲ್ಲ.

ಸೊರಬದ ಸುಬೇದಾರ್ (ನಿವೃತ್ತ):

ತಂಗಿ, ಮೊದಲ ಮಾತು: ಮುತ್ತಿಗೆ ಬೇಡ. ಈ ತಮ್ಮನಿಗೂ ಹೇಳ್ತೀನಿ, ನಿನ್ನ ಕಾಳಜಿ ದೊಡ್ಡದು, ಆದರೆ ನೀನು ಠಾಣೆ ಮುಂದೆ ಕೂಗಿದ ಒಂದೊಂದು ಘೋಷಣೆಯೂ ಆ ಹುಡುಗನ ಸರ್ವಿಸ್ ಬುಕ್ಕಿಗೆ ಹೋಗಿ ಕೂರುತ್ತೆ. "ಈ ಸಿಪಾಯಿ ಊರಲ್ಲಿ ಗಲಾಟೆ ಎಬ್ಬಿಸಿದ" ಅಂತ ಯೂನಿಟ್‌ಗೆ ಒಂದು ಕಾಗದ ಹೋದರೆ ಮುಗೀತು.

ಎರಡನೇ ಮಾತು: ಇವತ್ತೇ ಯೂನಿಟ್‌ಗೆ ಹೇಳಿ. ನಾಳೆ ಅಂತ ಮುಂದೂಡಬೇಡಿ.

ನಾನು 26 ವರ್ಷ ನೌಕರಿ ಮಾಡಿದವನು. ಇಂಥ ಹತ್ತಾರು ಹುಡುಗರನ್ನ ಸಿಓ (ಯೂನಿಟ್‌ನ ಕಮಾಂಡಿಂಗ್ ಆಫೀಸರ್) ಸಾಹೇಬರ ಮುಂದೆ ಮಾರ್ಚ್ ಮಾಡಿಸಿದ್ದೀನಿ. ಹೊರಗಿನವರಿಗೆ ಗೊತ್ತಿರೋದಿಲ್ಲ, ಹೇಗೆ ನಡೆಯುತ್ತೆ ಅಂತ ಬರೀತೀನಿ. ಆಫೀಸಿನ ಹೊರಗೆ ಹುಡುಗನ ಟೋಪಿ, ಬೆಲ್ಟ್ ಬಿಚ್ಚಿಸ್ತಾರೆ. ಬರಿ ತಲೆ, ಸಡಿಲ ಅಂಗಿ, ಎರಡೂ ಪಕ್ಕ ಎಸ್ಕಾರ್ಟ್. ಒಳಗೆ ಮೇಜಿನ ಮುಂದೆ ಸಾವಧಾನ್‌ನಲ್ಲಿ ನಿಲ್ಲಿಸಿ ಚಾರ್ಜ್ ಓದ್ತಾರೆ. ಏಳು ವರ್ಷ ದಿನಾ ಬೆಳಗ್ಗೆ ಪಾಲಿಶ್ ಮಾಡಿ ಕಟ್ಟಿಕೊಂಡ ಬೆಲ್ಟನ್ನ ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಹೋಗೋದು ಇದೆಯಲ್ಲ, ಅದು ಜೈಲಿಗಿಂತ ಜಾಸ್ತಿ ನಾಟುತ್ತೆ. ಗುಂಡಿಗೆ ಹೆದರದ ಹುಡುಗರು ಅಲ್ಲಿ ನಡುಗಿದ್ದನ್ನ ನೋಡಿದ್ದೀನಿ.

ಚಾರ್ಜ್ ಕೇಳೋದು ಅವನ ಎದುರಿಗೇ ಆಗಬೇಕು, ಅದು ಆರ್ಮಿ ರೂಲ್ 22. ಸಾಕ್ಷಿಗಳಿಗೆ ಅವನೂ ಪ್ರಶ್ನೆ ಕೇಳಬಹುದು. ಚಾರ್ಜ್ ನಿಲ್ಲೋದಿಲ್ಲ ಅನಿಸಿದರೆ ಸಿಓ ಅಲ್ಲೇ ಕೈಬಿಡಬಹುದು. ನಿಂತರೆ, ಸಣ್ಣದಾದರೆ ತಾವೇ ಶಿಕ್ಷೆ ಕೊಡ್ತಾರೆ. ಆರ್ಮಿ ಆಕ್ಟ್ 1950ರ ಸೆಕ್ಷನ್ 80 ಅದಕ್ಕೆ. ಸಿಪಾಯಿಗೆ 28 ದಿನದವರೆಗೆ ಮಿಲಿಟರಿ ಕಸ್ಟಡಿ, ಇಲ್ಲಾ ಬ್ಯಾರಕ್ ಲೈನ್ ಬಿಟ್ಟು ಹೊರಗೆ ಹೋಗದ ಹಾಗೆ ಇಡೋದು, 14 ದಿನದ ಸಂಬಳದವರೆಗೆ ದಂಡ, ಹೀಗೆ. ದೊಡ್ಡದಾದರೆ ಸಮರಿ ಕೋರ್ಟ್ ಮಾರ್ಷಲ್. ಅದರಲ್ಲಿ ಸಿಓ ಒಬ್ಬರೇ ಕೋರ್ಟು. ಸಿಓ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಜೈಲು ಕೊಡಬಹುದು, ನೌಕರಿಯಿಂದಲೇ ವಜಾ ಮಾಡಬಹುದು.

ರಜೆಯಲ್ಲಿದ್ದೆ, ಸಿವಿಲ್ ಬಟ್ಟೆಯಲ್ಲಿದ್ದೆ ಅನ್ನೋದು ನಡೆಯೋದಿಲ್ಲ. ರಜೆಯಲ್ಲೂ ಅವನು ಆರ್ಮಿ ಆಕ್ಟ್ ಕೆಳಗೇ ಇರ್ತಾನೆ. ಸೆಕ್ಷನ್ 63 ಅಂತ ಒಂದಿದೆ, ಸೇನೆಯ ಶಿಸ್ತಿಗೆ ಧಕ್ಕೆ ತರುವ ಯಾವುದೇ ನಡತೆ ಅದರೊಳಗೆ ಬರುತ್ತೆ. ಸರ್ಕಲ್‌ನಲ್ಲಿ ಪೊಲೀಸರ ಕಾಲರ್ ಹಿಡಿದಿದ್ದೂ ಬರುತ್ತೆ.

ಇನ್ನು ಅಮ್ಮ ಹೇಳಿದ ಹಾಗೆ ಮುಚ್ಚಿಟ್ಟರೆ ಏನಾಗುತ್ತೆ ಕೇಳಿ. ಅಕಸ್ಮಾತ್ ಪೊಲೀಸರು ಮತ್ತೆ ಹಿಡಿದು ಹುಡುಗ ಒಳಗೆ ಕೂತ ಅನ್ನಿ. ರಜೆ ಮುಗಿದ ದಿನ ಯೂನಿಟ್‌ನಲ್ಲಿ ಹಾಜರಾತಿ ಕರೀತಾರೆ, ಆಸಾಮಿ ಇಲ್ಲ. ಯಾರಿಗೂ ಗೊತ್ತಿಲ್ಲದಿದ್ದರೆ ಅವನು ಗೈರು, ಸೆಕ್ಷನ್ 39. ಆಮೇಲೆ ಊರಿನ ಪೊಲೀಸರಿಗೆ ಹಿಡಿದುಕೊಡಿ ಅಂತ ಅಪ್ರಿಹೆನ್ಶನ್ ರೋಲ್ ಬರುತ್ತೆ. 30 ದಿನ ದಾಟಿದರೆ ಸೆಕ್ಷನ್ 106ರಲ್ಲಿ ವಿಚಾರಣೆ ಕೂತು ಓಡಿಹೋದವನು ಅಂತ ಬರೆಯೋ ತನಕ ಹೋಗುತ್ತೆ. ಒಂದು ಹೆಲ್ಮೆಟ್ಟಿನಿಂದ ಶುರುವಾಗಿದ್ದು ಭಗೋಡಾ ಅನ್ನೋ ಹೆಸರಿಗೆ ಬಂದು ನಿಲ್ಲುತ್ತೆ.

ಲೀವ್ ಸರ್ಟಿಫಿಕೇಟ್ ಎಲ್ಲಿದೆ ನೋಡಿ, ಯೂನಿಟ್ ನಂಬರ್ ಅವನ ಹತ್ತಿರ ಇರುತ್ತೆ. ಕಂಪನಿ ಸೀನಿಯರ್ ಜೆಸಿಓಗೆ (ಸುಬೇದಾರ್ ದರ್ಜೆಯವರು) ಮೊದಲು ಫೋನ್ ಮಾಡಲಿ. ನಡೆದಿದ್ದನ್ನ ನಡೆದ ಹಾಗೇ ಹೇಳಲಿ. ಕಾಲರ್ ಹಿಡಿದಿದ್ದನ್ನೂ ಹೇಳಲಿ.

ಹೊಸನಗರದ ಅಕ್ಕ:

ಸುಬೇದಾರ್ ಅಣ್ಣ, ಓದಿ ಕೈ ತಣ್ಣಗಾಯ್ತು. ಹೇಳಿದರೆ ನೌಕರಿಯೇ ಹೋಗುತ್ತಾ? ಮುಂದಿನ ವರ್ಷ ಎಂಟು ವರ್ಷ ತುಂಬುತ್ತೆ, ಎಂಎಸಿಪಿ (ಬಡ್ತಿ ಸಿಗದಿದ್ದರೂ ಇಷ್ಟು ವರ್ಷಕ್ಕೆ ಅಂತ ಏರೋ ಸಂಬಳ) ಬರುತ್ತೆ ಅಂತ ಲೆಕ್ಕ ಹಾಕಿ ಮನೆಯ ಹಂಚು ಬದಲಿಸೋಕೆ ಸಾಲ ಮಾಡಿದ್ದೇವೆ.

ಸೊರಬದ ಸುಬೇದಾರ್ (ನಿವೃತ್ತ):

ಇಷ್ಟಕ್ಕೇ ನೌಕರಿ ಹೋಗೋದನ್ನ ನಾನು ನೋಡಿಲ್ಲ ತಂಗಿ. ಮೊದಲ ತಪ್ಪು, ಕುಡಿದಿರಲಿಲ್ಲ, ತಾನಾಗಿ ಹೇಳಿದ, ಈ ಮೂರೂ ಅವನ ಪರ. ರೆಡ್ ಇಂಕ್ ಎಂಟ್ರಿ, ಅಂದರೆ ಶಿಕ್ಷೆ ಆಗಿದ್ದು ಅವನ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ, ಬೀಳಬಹುದು. ಅದರಿಂದ ಬಡ್ತಿ, ಎಂಎಸಿಪಿ ಹಿಂದೆ ಬೀಳಬಹುದು, ಸುಳ್ಳು ಸಮಾಧಾನ ಹೇಳೋದಿಲ್ಲ. ನಾಲ್ಕು ರೆಡ್ ಇಂಕ್ ಆದರೆ ಮನೆಗೆ ಅನ್ನೋ ಮಾತು ಬ್ಯಾರಕ್‌ನಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಅನ್ನೋರ ಕೇಸಿನಲ್ಲಿ ಸುಪ್ರೀಂ ಕೋರ್ಟು, ನಾಲ್ಕು ಎಂಟ್ರಿ ಎಣಿಸಿ ಸುಮ್ಮನೆ ಕಳಿಸೋ ಹಾಗಿಲ್ಲ, ವಿಚಾರಣೆ ಮಾಡಿ ಅವನ ಸೇವೆ, ಕಷ್ಟದ ಜಾಗದಲ್ಲಿ ದುಡಿದಿದ್ದು ಎಲ್ಲಾ ನೋಡಬೇಕು ಅಂತ ಹೇಳಿದೆ. ನಿಮ್ಮ ತಮ್ಮನದು ಅಷ್ಟು ದೂರದ ಮಾತೇ ಅಲ್ಲ.

ಸಾಗರದ ವಕೀಲರು:

ಸುಬೇದಾರ್ ಸಾಹೇಬರು ಸೇನೆಯ ಒಳಗಿನದು ಹೇಳಿದರು. ನಾನು ಕೋರ್ಟಿನ ಕಡೆಯದು ಹೇಳುತ್ತೇನೆ.

ಬಿಎನ್‌ಎಸ್ 132 ಎಂದರೆ ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಬಲಪ್ರಯೋಗ. ಹಳೆಯ ಐಪಿಸಿ 353. ಎರಡು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. 121(1) ಎಂದರೆ ಅವರಿಗೆ ಗಾಯ ಮಾಡಿದ್ದು. ಹಳೆಯ 332ರಲ್ಲಿ ಮೂರು ವರ್ಷ ಇತ್ತು, ಹೊಸ ಸಂಹಿತೆಯಲ್ಲಿ ಐದಕ್ಕೆ ಏರಿದೆ. ಎರಡೂ ಏಳು ವರ್ಷದ ಒಳಗಿನವು, ಹಾಗಾಗಿಯೇ ಬಂಧಿಸಿ ಒಳಗಿಡದೆ ನೋಟಿಸ್ ಕೊಟ್ಟು ಕಳಿಸಿದ್ದಾರೆ. ನೋಟಿಸಿನಲ್ಲಿ ಹೇಳಿದ ದಿನ ತಪ್ಪದೆ ಹೋಗಲಿ. ತಪ್ಪಿಸಿದರೆ ಬಂಧನಕ್ಕೆ ಅದೇ ಕಾರಣವಾಗುತ್ತದೆ. ಊರು ಬಿಡುವ ಮೊದಲು ಜಾಮೀನು ಪಡೆಯಿರಿ. ಯೂನಿಟ್‌ಗೆ ಮರಳಬೇಕಾದ ದಿನಾಂಕವನ್ನು ಅರ್ಜಿಯಲ್ಲೇ ಬರೆಯಿಸಿ, ಜಿಲ್ಲೆ ಬಿಡಬಾರದು ಎಂಬ ಷರತ್ತು ಬೀಳದಂತೆ ಕೇಳಿಕೊಳ್ಳಬೇಕು.

ಇಲ್ಲಿ ಬಹಳ ಜನ ತಿಳಿದುಕೊಂಡಿರುವ ಒಂದು ವಿಷಯ ಸರಿಪಡಿಸಬೇಕು. ಸೈನಿಕನನ್ನು ಪೊಲೀಸರು ಮುಟ್ಟುವ ಹಾಗೇ ಇಲ್ಲ ಎನ್ನುತ್ತಾರೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 42ರಲ್ಲಿ ರಕ್ಷಣೆ ಇರುವುದು ನಿಜ, ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಬಂಧಿಸುವಂತಿಲ್ಲ. ಆದರೆ ಅದು ಕರ್ತವ್ಯ ನಿರ್ವಹಿಸುವಾಗ ಮಾಡಿದ ಕೆಲಸಕ್ಕೆ ಮಾತ್ರ. ಬೆಲ್ಟ್ ತರಲು ಪೇಟೆಗೆ ಹೋದಾಗಿನ ಜಗಳಕ್ಕೆ ಅನ್ವಯಿಸುವುದಿಲ್ಲ.

ವಿಚಾರಣೆ ಯಾರು ಮಾಡಬೇಕು? ಕೊಲೆ, ಕೊಲೆಯಲ್ಲದ ನರಹತ್ಯೆ, ಅತ್ಯಾಚಾರ, ಈ ಮೂರು ನಾಗರಿಕರ ಮೇಲೆ ನಡೆದರೆ, ಸಕ್ರಿಯ ಸೇವೆಯಂಥ ಕೆಲವು ಸಂದರ್ಭ ಬಿಟ್ಟು, ಕೋರ್ಟ್ ಮಾರ್ಷಲ್ ಮಾಡುವಂತಿಲ್ಲ, ಆರ್ಮಿ ಆಕ್ಟಿನ ಸೆಕ್ಷನ್ 70. ಇಂಥ ಹೊಡೆದಾಟದ ಪ್ರಕರಣ ಎರಡೂ ಕಡೆ ನಡೆಯಬಹುದು. ಆಗ ಯಾವ ಕಡೆ ಎಂದು ಮೊದಲು ತೀರ್ಮಾನಿಸುವ ವಿವೇಚನೆ ಸೇನೆಯ ಅಧಿಕಾರಿಗೆ ಸೆಕ್ಷನ್ 125ರಲ್ಲಿ ಇದೆ. ಮ್ಯಾಜಿಸ್ಟ್ರೇಟರಿಗೆ ಒಪ್ಪಿಗೆಯಾಗದಿದ್ದರೆ 126ರಲ್ಲಿ ಆರೋಪಿಯನ್ನು ಒಪ್ಪಿಸಿ ಎಂದು ಸೇನೆಯನ್ನು ಕೇಳಬಹುದು, ಕೊನೆಯ ಮಾತು ಕೇಂದ್ರ ಸರ್ಕಾರದ್ದು. ಸಿಕ್ಕಿಂ ರಾಜ್ಯ ಮತ್ತು ಒಬ್ಬ ಸೈನಿಕನ ನಡುವಿನ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರಿಸಿದೆ. ಸೇನೆ ತಾನು ಕೋರ್ಟ್ ಮಾರ್ಷಲ್ ಮಾಡುವುದಿಲ್ಲ ಎಂದು ಬಿಟ್ಟುಕೊಟ್ಟರೆ ಸಾಮಾನ್ಯ ನ್ಯಾಯಾಲಯ ನಡೆಸಬಹುದು.

ಸಾಮಾನ್ಯ ನ್ಯಾಯಾಲಯ ಮತ್ತು ಕೋರ್ಟ್ ಮಾರ್ಷಲ್‌ಗಳ ವ್ಯಾಪ್ತಿ ಹೊಂದಿಸುವ 1978ರ ನಿಯಮಗಳ ಪ್ರಕಾರ, ಸೇನೆಯಿಂದ ಕೋರಿಕೆ ಬಾರದೆ ಮ್ಯಾಜಿಸ್ಟ್ರೇಟರು ತಾವಾಗಿ ಮುಂದುವರಿಯಬೇಕಾದರೆ ಅವನ ಕಮಾಂಡಿಂಗ್ ಆಫೀಸರಿಗೆ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾಯಬೇಕು. ಅಲ್ಲಿಯ ತನಕ ಆರೋಪ ಹೊರಿಸುವಂತಿಲ್ಲ. ಇದರ ಅರ್ಥ ಏನು ಗೊತ್ತಾಯಿತೇ? ನೀವು ಮುಚ್ಚಿಟ್ಟರೂ ಒಂದಲ್ಲ ಒಂದು ದಿನ ಕೋರ್ಟಿನ ಕಾಗದ ಸಿಓ ಮೇಜಿಗೆ ಹೋಗಿಯೇ ಹೋಗುತ್ತದೆ. ಅದಕ್ಕಿಂತ ಮೊದಲು ಅವನ ಬಾಯಿಂದ ತಿಳಿದಿರಲಿ.

ಇನ್ನೊಂದು. ಕೆನ್ನೆಗೆ ಏಟು ಬಿದ್ದಿದೆಯಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ (ಕೇಸಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿದ್ದೀರಾ? ಇಲ್ಲದಿದ್ದರೆ ಈಗಲೇ ಹೋಗಿ.

ಹೊಸನಗರದ ಅಕ್ಕ:

ಮಾಡಿಸಿಲ್ಲ ಸರ್. ಕಿವಿ ಗುಂಯ್ ಅನ್ನುತ್ತೆ ಅಂತಿದ್ದ. ಈಗಲೇ ಹೊರಡಿಸ್ತೀನಿ.

ಹಳೇ ಎಎಸ್‌ಐ, ತೀರ್ಥಹಳ್ಳಿ:

ನಾನು ಪೊಲೀಸ್ ಇಲಾಖೆಯಲ್ಲಿ 33 ವರ್ಷ ಇದ್ದವನು. ನನ್ನ ಅಣ್ಣನ ಮಗ ಸೇನೆಯಲ್ಲಿದ್ದಾನೆ. ಹಾಗಾಗಿ ಎರಡೂ ಮನೆಯ ಸಂಕಟ ಗೊತ್ತು.

ಕೀ ಕಿತ್ತುಕೊಳ್ಳೋದು ತಪ್ಪು. ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ನಿಲ್ಲಿಸು ಅನ್ನೋಕೆ, ದಾಖಲೆ ಕೇಳೋಕೆ, ಕಾರಣ ಇದ್ದರೆ ಗಾಡಿ ಜಪ್ತಿ ಮಾಡೋಕೆ ಅಧಿಕಾರ ಇದೆ. ಕೀ ಕಿತ್ತು ಜೇಬಿಗೆ ಹಾಕಿಕೋ ಅಂತ ಎಲ್ಲೂ ಬರೆದಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮ ರಾಜ್ಯದಲ್ಲಿ 500 ರೂಪಾಯಿ ದಂಡ ಹಾಕಿ ಕಳಿಸಿದ್ದರೆ ಎರಡು ನಿಮಿಷದ ಕೆಲಸ. ಇನ್ನು ಕಪಾಳಕ್ಕೆ ಹೊಡೆದಿದ್ದು ಅಪರಾಧವೇ. ಸೈನಿಕನಿಗೆ ಹೊಡೆದರು ಅಂತ ಅಲ್ಲ, ಯಾರಿಗೂ ಹೊಡೆಯೋ ಹಾಗಿಲ್ಲ. ಕೂಲಿಗೆ ಹೋಗೋ ಹುಡುಗನಿಗೆ ಹೊಡೆದಿದ್ದರೆ ಇಲ್ಲಿ ಯಾರೂ ಮುತ್ತಿಗೆ ಮಾತು ಎತ್ತುತ್ತಿರಲಿಲ್ಲ ಅನ್ನೋದು ನನಗೆ ನೋವಿನ ವಿಷಯ.

ಆದರೆ ಬಿದ್ದು ಮೊಣಕೈ ಸುಲಿಸಿಕೊಂಡ ಆ ಕಾನ್‌ಸ್ಟೇಬಲ್ ಬಗ್ಗೆಯೂ ಎರಡು ಮಾತು. ಅವನು ಹೊಡೆದಿಲ್ಲ, ಬಿಡಿಸೋಕೆ ಬಂದವನು. ಇದು ಎಳ್ಳಮಾವಾಸ್ಯೆ ಜಾತ್ರೆ ಹತ್ತಿರ ಬರೋ ಕಾಲ. ನಮ್ಮಲ್ಲಿ ರಾಮೇಶ್ವರ ದೇವರ ಜಾತ್ರೆಗೆ ತುಂಗಾ ತೀರದಲ್ಲಿ ಬಂದೋಬಸ್ತ್ ಅಂದರೆ ಬೆಳಗ್ಗೆ ಆರಕ್ಕೆ ನಿಂತವನು ರಾತ್ರಿ ಹತ್ತಾದರೂ ಕೂರೋದಿಲ್ಲ. ಕಾಲು ಊದಿ ಬೂಟಿನಿಂದ ಬಿಚ್ಚೋಕೆ ಆಗೋದಿಲ್ಲ, ಲೇಸ್ ಪೂರ್ತಿ ಕಿತ್ತು ತೆಗೀಬೇಕು. ನಾನು ಹಾಗೆ ತೆಗೆದಿದ್ದೀನಿ. ಅವನ ಹೆಂಡತಿಯೂ ಆ ವಿಡಿಯೋ ನೋಡಿರ್ತಾಳೆ.

ಸಾಹೇಬರ ಮೇಲೆ ದೂರು ಕೊಡೋದಿದ್ದರೆ ದಾರಿ ಇದೆ. ಎಸ್‌ಪಿ ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಂದ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಇದೆ, ಅಲ್ಲಿಗೂ ಕೊಡಬಹುದು. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಆ ರಾತ್ರಿಯ ದೃಶ್ಯ ಅಳಿಸದೆ ಕಾಯ್ದಿಡಿ ಅಂತ ಇವತ್ತೇ ಅರ್ಜಿ ಹಾಕಿ. ಸರ್ಕಲ್‌ನ ಅಂಗಡಿಗಳ ಕ್ಯಾಮೆರಾದಲ್ಲೂ ಇರಬಹುದು, ಬೇಗ ಕೇಳಿ, ಅವು ಕೆಲವೇ ದಿನಕ್ಕೆ ಅಳಿಸಿಹೋಗ್ತವೆ.

ಕೊಡಚಾದ್ರಿ ಹುಡುಗ:

ಎಎಸ್‌ಐ ಸಾರ್, ನೀವು ಹೇಳಿದ ದೂರು ಗೀರು ಎಲ್ಲಾ ಫೈಲಲ್ಲಿ ಕೊಳೆಯುತ್ತೆ. 2025ರ ಮಾರ್ಚಲ್ಲಿ ಪಟಿಯಾಲದಲ್ಲಿ ಒಬ್ಬ ಕರ್ನಲ್‌ಗೆ, ಅವರ ಮಗನಿಗೆ ಢಾಬಾ ಹತ್ತಿರ ಪೊಲೀಸರು ಹೊಡೆದರು ಅಂತ ಆಯ್ತಲ್ಲ, ಗಲಾಟೆ ಆದ ಮೇಲೆ ತಾನೇ 12 ಜನ ಪೊಲೀಸರು ಅಮಾನತಾಗಿದ್ದು? ಸುಮ್ಮನಿದ್ದಿದ್ದರೆ ಆಗ್ತಿತ್ತಾ?

ಸಾಗರದ ವಕೀಲರು:

ಆ ಪ್ರಕರಣ ಸರಿಯಾಗಿ ನೋಡಿ. ಆ ಕುಟುಂಬ ಪಟ್ಟು ಹಿಡಿದದ್ದು ನಿಜ, ಬೀದಿಯಲ್ಲಿ ಧರಣಿಯೂ ಕೂತರು. ಆದರೆ ತನಿಖೆಯ ದಿಕ್ಕು ಬದಲಾದದ್ದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ. ಮೊದಲು ಚಂಡೀಗಢ ಪೊಲೀಸರಿಗೆ ವಹಿಸಿದರು, ಜುಲೈನಲ್ಲಿ ಸಿಬಿಐಗೆ. ಅಲ್ಲಿ ಕರ್ನಲ್ ತಿರುಗಿ ಠಾಣೆಗೆ ಜನ ಕಳಿಸಲಿಲ್ಲ.

ಇನ್ನೊಂದು ಬಗೆಯದೂ ಇದೆ. 2024ರ ಮೇ ಕೊನೆಯಲ್ಲಿ ಕಾಶ್ಮೀರದ ಕುಪ್ವಾರದಲ್ಲಿ ಠಾಣೆಗೆ ನುಗ್ಗಿ ಪೊಲೀಸರ ಮೇಲೆ ಹಲ್ಲೆ ಮಾಡಿದರು ಎಂಬ ಎಫ್‌ಐಆರ್‌ನಲ್ಲಿ 16 ಸೈನಿಕರ ಹೆಸರಿತ್ತು, ಅದರಲ್ಲಿ ಮೂವರು ಲೆಫ್ಟಿನೆಂಟ್ ಕರ್ನಲ್‌ಗಳು. ಕೊಲೆ ಯತ್ನದ ಸೆಕ್ಷನ್ನೂ ಬಿತ್ತು. 2007ರ ಹೊಸ ವರ್ಷದ ರಾತ್ರಿ ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್ ಠಾಣೆಯಲ್ಲೂ ಹೀಗೇ, ಹಿಡಿದು ತಂದಿದ್ದ ಸೇನಾ ಅಧಿಕಾರಿಗಳನ್ನು ಬಿಡಿಸಲು ಸೈನಿಕರು ನುಗ್ಗಿದ ಪ್ರಕರಣ ದೇಶವೆಲ್ಲ ಸುದ್ದಿಯಾಯಿತು. ಒಬ್ಬರ ಜಗಳ ಹತ್ತು ಜನರ ಕೇಸಾಗುವುದು ಹೀಗೆ. ನಿನ್ನ ಇನ್ನೂರು ಹುಡುಗರಲ್ಲಿ ಎಷ್ಟು ಜನ ಈ ವರ್ಷ ಪೊಲೀಸ್, ಅರಣ್ಯ, ಅಗ್ನಿವೀರ್ ಪರೀಕ್ಷೆ ಬರೆಯುತ್ತಿದ್ದಾರೆ ತಮ್ಮ? ಎಫ್‌ಐಆರ್‌ನಲ್ಲಿ ಹೆಸರು ಬಂದರೆ ನಡತೆ ಪರಿಶೀಲನೆಗೆ ಬರುವುದು ಅದೇ ಠಾಣೆಗೆ.

ಕೊಡಚಾದ್ರಿ ಹುಡುಗ:

ನಾನೇ ಬರೀತಿದ್ದೀನಿ ಸಾರ್, ಅಗ್ನಿವೀರ್‌ಗೆ. ಇದು ಯೋಚನೆ ಮಾಡಿರಲಿಲ್ಲ.

ರಿಪ್ಪನ್‌ಪೇಟೆ ಅಮ್ಮ:

ನನ್ನ ಮಗ ಅಗ್ನಿವೀರ. ಅವರಿಗೂ ಇದೇ ಕಾನೂನಾ? ವರ್ಷಕ್ಕೆ 30 ದಿನ ರಜೆ ಅಷ್ಟೇ, ಬಂದಾಗ ಸ್ನೇಹಿತರ ಜೊತೆ ಬೈಕಲ್ಲಿ ಜೋಗ, ಆಗುಂಬೆ ಅಂತ ತಿರುಗ್ತಾನೆ. ಓದಿ ಭಯ ಆಯ್ತು.

ಸೊರಬದ ಸುಬೇದಾರ್ (ನಿವೃತ್ತ):

ಅದೇ ಕಾನೂನು ತಾಯಿ, ಒಂದಕ್ಷರ ವ್ಯತ್ಯಾಸ ಇಲ್ಲ. ಅವರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ನಾಲ್ಕು ವರ್ಷ ಆದ ಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಉಳಿಸಿಕೊಳ್ಳೋದು, ಅದಕ್ಕೆ ನಡತೆಯನ್ನೂ ನೋಡ್ತಾರೆ. ತಿರುಗಾಡಲಿ ಬಿಡಿ, ಹೆಲ್ಮೆಟ್ ಹಾಕಿ ತಿರುಗಾಡಲಿ. ಪೊಲೀಸರು ನಿಲ್ಲಿಸಿದರೆ ಐಡಿ ಕಾರ್ಡ್ ಕೇಳೋ ತನಕ ಜೇಬಲ್ಲೇ ಇರಲಿ. ಕೇಳದೇ ತೋರಿಸಿದ ಕಾರ್ಡು ಎದುರಿನವನಿಗೆ ಸವಾಲು ಹಾಕಿದ ಹಾಗೆ ಕಾಣುತ್ತೆ.

ಕುಂಸಿ ಕಡೆಯವಳು:

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ. ಇವತ್ತು ಬರೀತೀನಿ, ಈ ಅಕ್ಕನಿಗಾಗಿ.

ನಮ್ಮ ಯಜಮಾನರು ರಜೆ ಮುಗಿಸಿ ಹೋಗುವಾಗ ದೂರದ ಒಂದು ರೈಲ್ವೆ ಸ್ಟೇಷನ್‌ನಲ್ಲಿ ಸೀಟಿನ ವಿಷಯಕ್ಕೆ ಪೊಲೀಸಿನವರ ಜೊತೆ ಜಗಳ ಆಯ್ತು. ಜೊತೆಗಿದ್ದವರು ಕುಡಿದಿದ್ದರಂತೆ. ಹೆಸರು ಬರೆದುಕೊಂಡು ಬಿಟ್ಟರು. ಇವರು ಯೂನಿಟ್‌ಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಐದು ತಿಂಗಳು ಏನೂ ಆಗಲಿಲ್ಲ. ಮುಗೀತು ಅಂದುಕೊಂಡಿದ್ದರು. ಆರನೇ ತಿಂಗಳು ಪೊಲೀಸ್ ಕಾಗದ ಯೂನಿಟ್‌ಗೆ ಹೋಯ್ತು.

ಪ್ರತಿ ಭಾನುವಾರ ಸಂಜೆ ಫೋನ್ ಮಾಡೋರು. ಒಂದು ಭಾನುವಾರ ಬರಲಿಲ್ಲ. ಡ್ಯೂಟಿ ಇರಬಹುದು ಅಂದುಕೊಂಡೆ. ಎರಡನೇ ಭಾನುವಾರವೂ ಇಲ್ಲ. ಅವರ ಸ್ನೇಹಿತರಿಗೆ ಫೋನ್ ಮಾಡಿದರೆ "ಭಾಭಿ, ಚೆನ್ನಾಗಿದ್ದಾನೆ, ಸ್ವಲ್ಪ ದಿನ ಮಾತಾಡೋಕೆ ಆಗಲ್ಲ" ಅಂದರು. ನಾಲ್ಕು ಭಾನುವಾರ. ಮಗಳಿಗೆ ಆಗ ಮೂರು ವರ್ಷ. ಫೋನ್ ಹಿಡಿದು ತಾನೇ "ಹಲೋ ಅಪ್ಪ" ಅಂತ ಆಟ ಆಡ್ತಿದ್ದಳು. ಐದನೇ ಭಾನುವಾರ ಫೋನ್ ಬಂತು. 28 ದಿನ ಆಗಿತ್ತು ಅಂತ ಆವಾಗ ಗೊತ್ತಾಗಿದ್ದು.

ಸಿಓ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆಯಂತೆ. ಆರು ತಿಂಗಳು ನನ್ನ ಮುಂದೆ ಪರೇಡ್‌ನಲ್ಲಿ ನಿಂತಿದ್ದೀಯಲ್ಲ, ಒಂದು ದಿನವೂ ಹೇಳಬೇಕು ಅನಿಸಲಿಲ್ಲವಾ ಅಂತ. ಜಗಳಕ್ಕೆ ಬಿದ್ದ ಶಿಕ್ಷೆ ಅದಲ್ಲ, ಮುಚ್ಚಿಟ್ಟಿದ್ದಕ್ಕೆ ಬಿದ್ದಿದ್ದು ಅಂತ ಇವರು ಈಗಲೂ ಹೇಳ್ತಾರೆ. ಅಕ್ಕ, ನಿಮ್ಮ ಅಮ್ಮನಿಗೆ ಇದನ್ನ ಓದಿ ಹೇಳಿ.

ಹೊಸನಗರದ ಅಕ್ಕ:

ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಅವನ ಟ್ರಂಕಿನಿಂದ ಲೀವ್ ಸರ್ಟಿಫಿಕೇಟ್ ತಂದು ಅವನ ಮುಂದೆ ಇಟ್ಟಳು.

ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಸಿಗೋದು ಅಡಿಕೆ ಒಣಗಿಸೋ ಅಂಗಳದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಫೋನ್ ಮಾಡಿದ. ಲುಂಗಿ, ಬರಿಗಾಲು, ಕೈಯೆಲ್ಲ ಅಡಿಕೆ ಚೊಗರಿನ ಕಪ್ಪು. ಆ ಕಡೆ ಸಾಹೇಬರು ಎತ್ತಿದ ಕೂಡಲೇ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತುಬಿಟ್ಟ. ಒಂದು ಕೈ ತೊಡೆಗೆ ಅಂಟಿಸಿ. ಹನ್ನೊಂದು ನಿಮಿಷ ಹಾಗೇ ನಿಂತಿದ್ದ, ನಾನು ಜಗುಲಿಯಿಂದ ನೋಡ್ತಿದ್ದೆ. ಹಿಂದಿಯಲ್ಲಿ ಮಾತಾಡಿದ, ನನಗೆ ಪೂರ್ತಿ ಅರ್ಥ ಆಗಲಿಲ್ಲ. "ಗಲತಿ ಮೇರಿ ಭಿ ಹೈ ಸಾಬ್" (ತಪ್ಪು ನನ್ನದೂ ಇದೆ) ಅಂದಿದ್ದು ಮಾತ್ರ ಕೇಳಿಸ್ತು. ಸಾಹೇಬರು ಬೈದರಂತೆ. ಆಮೇಲೆ ಊಟ ಮಾಡಿದ್ಯಾ ಅಂತ ಕೇಳಿದರಂತೆ. ಎಫ್‌ಐಆರ್, ನೋಟಿಸ್, ಆಸ್ಪತ್ರೆ ಚೀಟಿ ಎಲ್ಲದರ ಪ್ರತಿ ಇವತ್ತೇ ಕಳಿಸು, ರಜೆ ಮುಗಿದ ದಿನ ಇಲ್ಲಿರಬೇಕು, ಆಗದಿದ್ದರೆ ಮೊದಲೇ ತಿಳಿಸು ಅಂದಿದ್ದಾರೆ. ರಾತ್ರಿ ಎರಡು ರೊಟ್ಟಿ ಜಾಸ್ತಿ ತಿಂದ.

ಕಿವಿಯ ತಮಟೆಗೆ ಏನೂ ಆಗಿಲ್ಲ ಅಂತ ಡಾಕ್ಟರ್ ಹೇಳಿದರು. ಚೀಟಿಯಲ್ಲಿ ಬಾವು ಇರೋದನ್ನ ಬರೆದಿದ್ದಾರೆ.

ಸಾಗರದ ವಕೀಲರು:

ಒಳ್ಳೆಯದಾಯಿತು. ರಾಜಿಯ ಬಗ್ಗೆ ಮುಂದೆ ಯಾರಾದರೂ ಹೇಳಿದರೆ ತಿಳಿದಿರಲಿ: 132 ರಾಜಿ ಮಾಡಿಕೊಳ್ಳಬಹುದಾದ ಸೆಕ್ಷನ್ ಅಲ್ಲ. ಠಾಣೆಯಲ್ಲಿ ದುಡ್ಡು ಕೊಟ್ಟು ಮುಗಿಸುತ್ತೇನೆ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ಎರಡೂ ಕಡೆಯವರು ನಿಜಕ್ಕೂ ಒಪ್ಪಿದರೆ ಬಿಎನ್‌ಎಸ್‌ಎಸ್ 528ರಲ್ಲಿ ಹೈಕೋರ್ಟಿಗೆ ಹೋಗಿ ಪ್ರಕರಣ ರದ್ದು ಕೋರಬಹುದು. ಶಿವಮೊಗ್ಗ ಜಿಲ್ಲೆಗೆ ಅದು ಬೆಂಗಳೂರಿನ ಪೀಠ. ಕೊಡುವುದು ಬಿಡುವುದು ನ್ಯಾಯಾಲಯದ ಇಷ್ಟ.

ಸೇನೆಯ ಶಿಕ್ಷೆ ಅನ್ಯಾಯ ಅನಿಸಿದರೆ, ಕೋರ್ಟ್ ಮಾರ್ಷಲ್ ಆಗಿದ್ದರೆ, 2007ರ ಕಾಯ್ದೆಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಕೊಚ್ಚಿ ಪೀಠ. ಅಲ್ಲಿಯ ತನಕ ಹೋಗದಿರಲಿ.

ಹಳೇ ಎಎಸ್‌ಐ, ತೀರ್ಥಹಳ್ಳಿ:

ಅಕ್ಕ, ಒಂದು ಸಲಹೆ, ವಕೀಲರು ಬೇಡ ಅಂದರೆ ಬಿಡಿ. ಆ ಕಾನ್‌ಸ್ಟೇಬಲ್‌ನನ್ನು ನಿಮ್ಮ ಅಪ್ಪ ಒಮ್ಮೆ ಕಂಡು ಬರಲಿ. ಕೇಸ್ ಮಾತು ಎತ್ತೋದು ಬೇಡ. ಕೈ ಹೇಗಿದೆ ಅಂತ ಕೇಳಿ ಬರಲಿ.

ಸಾಗರದ ವಕೀಲರು:

ಅಪ್ಪ ಒಬ್ಬರೇ ಹೋಗಲಿ, ತಮ್ಮ ಬೇಡ. ಸಾಕ್ಷಿಯ ಮೇಲೆ ಒತ್ತಡ ಹಾಕಿದ ಎಂಬ ಮಾತು ಬರಬಾರದು. ಹೊಡೆದ ಅಧಿಕಾರಿಯ ಮೇಲಿನ ದೂರು ಬೇರೆ, ಅದು ಹಾಗೇ ಇರಲಿ.

ಹೊಸನಗರದ ಅಕ್ಕ:

ಹತ್ತು ದಿನದ ಮೇಲೆ ಬರೀತಿದೀನಿ. ಎಲ್ಲರೂ ಕೇಳ್ತಿದ್ದೀರಿ, ತಡ ಆಯ್ತು.

ಜಾಮೀನು ಸಿಕ್ಕಿದೆ. ಯೂನಿಟ್‌ಗೆ ಹೋಗೋಕೆ ಅಡ್ಡಿ ಇಲ್ಲ, ಕರೆದಾಗ ಬರಬೇಕು. ಎಸ್‌ಪಿ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ತಗೊಂಡಿದ್ದೇವೆ. ಸರ್ಕಲ್‌ನ ಔಷಧಿ ಅಂಗಡಿಯವರ ಕ್ಯಾಮೆರಾದಲ್ಲಿ ಕಪಾಳಕ್ಕೆ ಹೊಡೆದಿದ್ದೂ ಇದೆ, ಇವನು ಕಾಲರ್ ಹಿಡಿದಿದ್ದೂ ಇದೆ. ಎರಡನ್ನೂ ಕತ್ತರಿಸದೆ ವಕೀಲರಿಗೆ ಕೊಟ್ಟಿದ್ದೇವೆ.

ಅಪ್ಪ ಆ ಕಾನ್‌ಸ್ಟೇಬಲ್ ಮನೆಗೆ ಹೋಗಿ ಬಂದರು. ಮೊದಲು ಬಾಗಿಲಲ್ಲೇ ನಿಲ್ಲಿಸಿದರಂತೆ. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಅವರ ತೋಟವೂ ಕೊಯ್ಲಿಗೆ ಬಂದಿದೆಯಂತೆ, ರಜೆ ಸಿಕ್ಕಿಲ್ಲ, ಕೈಗೆ ಇನ್ನೂ ಪಟ್ಟಿ. ಇಬ್ಬರೂ ಕೊನೆಗೌಡರು ಸಿಗದ ಕಷ್ಟವನ್ನೇ ಮಾತಾಡಿಕೊಂಡು ಬಂದಿದ್ದಾರೆ. ಕೇಸ್ ಮಾತು ಅವರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ನಿನ್ನೆ ತಮ್ಮನನ್ನ ಆನಂದಪುರದಲ್ಲಿ ರೈಲು ಹತ್ತಿಸಿದೆವು. ಕಾಗದ ಎಲ್ಲಾ ಒಂದು ಫೈಲಿನಲ್ಲಿ ಜೋಡಿಸಿಕೊಂಡಿದ್ದಾನೆ: ಎಫ್‌ಐಆರ್, ಜಾಮೀನು ಆದೇಶ, ಆಸ್ಪತ್ರೆ ಚೀಟಿ, ತಾನೇ ಬರೆದ ಹೇಳಿಕೆ. ಎಲ್ಲದರ ಮೇಲೆ ಹೆಲ್ಮೆಟ್ ದಂಡ 500 ರೂಪಾಯಿ ಕಟ್ಟಿದ ರಸೀದಿ ಇಟ್ಟಿದ್ದ.

ಸೊರಬದ ಸುಬೇದಾರ್ (ನಿವೃತ್ತ):

ತಲುಪಿದ ದಿನವೇ ಮಾರ್ಚ್ ಮಾಡಿಸೋದಿಲ್ಲ, ಒಂದು ವಾರ ಹಿಡಿಯಬಹುದು. ಭಾನುವಾರ ಫೋನ್ ಬಾರದಿದ್ದರೆ ಗಾಬರಿ ಆಗಬೇಡ ತಂಗಿ, ನನಗೆ ತಿಳಿಸು. ಅವನ ರೆಜಿಮೆಂಟಿನಲ್ಲಿ ನಮ್ಮ ಕಡೆಯ ಒಬ್ಬ ಹವಾಲ್ದಾರ್ ಇದ್ದಾನೆ, ವಿಚಾರಿಸಿ ಹೇಳ್ತೀನಿ.